ಬೀಗಕ್ಕೆ ಹಚ್ಚಿದ ರೆಪ್ಪೆಗೂದಲು

ನಾನು ಮೊದಲ ಸಲ ಒಬ್ಬರ ಕಣ್ಣಿಗೆ ಕೃತಕ ರೆಪ್ಪೆಗೂದಲು ಅಂಟಿಸಿದಾಗ, ಕೂದಲಿನ ಜೊತೆಗೆ ಕಣ್ಣೂ ಅಂಟಿಕೊಂಡಿತು. ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಎರಡೂ ಇನ್ನು ಬಿಟ್ಟಿರಲಾರೆವು ಎನ್ನುವಂತೆ ಕೂಡಿಕೊಂಡವು. ಅವರು ದಿಂಡಿಗಲ್ಲಿನ ಯಾವುದೋ ಕಚೇರಿಯಲ್ಲಿ ಟೈಪ್ ಮಾಡುವ ಹೆಂಗಸು. ಸಂಜೆ ಒಂದು ನಿಶ್ಚಿತಾರ್ಥಕ್ಕೆ ಹೋಗುವುದಿತ್ತಂತೆ. ಕಲಿಯುವವಳ ಕೈಗೆ ಮುಖ ಕೊಟ್ಟರೆ ಪುಕ್ಕಟೆ ಎಂದು ಬೆಳಿಗ್ಗೆಯೇ ಬಂದು ಕುಳಿತಿದ್ದರು. ಹತ್ತು ಗಂಟೆಗೆ ಅವರ ಕಚೇರಿ. ಹತ್ತಕ್ಕೆ ಐದು ನಿಮಿಷ ಇರುವಾಗ ನಾನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅವರ ಎಡಗಣ್ಣಿಗೆ ಒತ್ತಿ ಹಿಡಿದು, ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತ ನಿಂತಿದ್ದೆ. ದೇವರು ಯಾರೂ ಬರಲಿಲ್ಲ, ಟೀಚರಕ್ಕ ಬಂದರು.

ಟೀಚರಕ್ಕ ಎಂದರೆ ನನಗೆ ಈ ಕೆಲಸ ಕಲಿಸುತ್ತಿದ್ದವರು. ಮಧುರೈಯಲ್ಲಿ ನಾಟ್ಯದ ಹುಡುಗಿಯರಿಗೆ ಬಣ್ಣ ಹಚ್ಚಿ ಹಚ್ಚಿ ಕೈ ಪಳಗಿಸಿಕೊಂಡು, ಆಮೇಲೆ ದಿಂಡಿಗಲ್ಲಿನಲ್ಲಿ ಬೀಗ ಮಾಡುವವರ ಬೀದಿಯ ಒಂದು ಮಹಡಿ ಹಿಡಿದು ಬ್ಯೂಟಿ ಪಾರ್ಲರ್ ಇಟ್ಟಿದ್ದರು. ಕೆಳಗೆ ದಿನವಿಡೀ ಅರ ಉಜ್ಜುವ ಕರಕರ ಸದ್ದು. ಗಾಳಿ ತಿರುಗಿದರೆ ತೊಗಲು ಹದಮಾಡುವ ಕಡೆಯಿಂದ ವಾಸನೆ. ಇವೆರಡರ ನಡುವೆ ಗುಲಾಬಿ ಬಣ್ಣದ ಪರದೆ ಕಟ್ಟಿಕೊಂಡು ನಾವು ಸೌಂದರ್ಯ ತಯಾರಿಸುತ್ತಿದ್ದೆವು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಈಗಿನ ಹಾಗೆ ಒಂದೊಂದೇ ಕೂದಲು ಜೋಡಿಸುವ ಸಾಮಾನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಮದ್ರಾಸಿನಿಂದ ಸಣ್ಣ ಡಬ್ಬಿಯಲ್ಲಿ ಕೂದಲಿನ ಪಟ್ಟಿ ಬರುತ್ತಿತ್ತು. ತೆರೆದು ನೋಡಿದರೆ ಎರಡು ಜರಿಹುಳ ಸತ್ತು ಬಿದ್ದ ಹಾಗೆ ಕಾಣುತ್ತಿತ್ತು. ಬೇರೆಯವರು ಆ ಪಟ್ಟಿಯನ್ನು ಇಡಿಯಾಗಿ ಅಂಟಿಸುತ್ತಿದ್ದರು. ಟೀಚರಕ್ಕನದು ಬೇರೆ ದಾರಿ. ಪಟ್ಟಿಯನ್ನು ಮೂರು ಮೂರು ಕೂದಲಿನ ತುಂಡುಗಳಾಗಿ ಕತ್ತರಿಸಬೇಕು, ಚಿಮಟದಲ್ಲಿ ಹಿಡಿದು ಬುಡವನ್ನು ಅಂಟಿನಲ್ಲಿ ಅದ್ದಬೇಕು, ಕಣ್ಣಿನ ಹೊರಮೂಲೆಯಿಂದ ಒಳಕ್ಕೆ ಒಂದೊಂದೇ ನೆಡುತ್ತ ಬರಬೇಕು. ಗದ್ದೆ ನಾಟಿಯ ಹಾಗೆಯೇ. ಗದ್ದೆಯಲ್ಲಾದರೆ ನಾಟಿ ತಪ್ಪಿದರೂ ಗದ್ದೆ ಎದ್ದು ಬೈಯುವುದಿಲ್ಲ.

ಆ ಹೆಂಗಸು ಅವತ್ತು ಒಂದು ಕಣ್ಣು ಮುಚ್ಚಿಕೊಂಡೇ ಕಚೇರಿಗೆ ಹೋದರು. ಅವರ ಮೇಲಧಿಕಾರಿ ದಿನವಿಡೀ ಅವರ ಮೇಜಿನ ಹತ್ತಿರ ಸುಳಿಯದೆ ಸುತ್ತುಬಳಸಿ ಓಡಾಡಿದರಂತೆ. ಮದುವೆಯಾದ ಮನುಷ್ಯ, ಪಾಪ. ಮಧ್ಯಾಹ್ನದ ಹೊತ್ತಿಗೆ ಕಣ್ಣು ತಾನಾಗಿ ಬಿಟ್ಟುಕೊಂಡಿತು ಎಂದು ಸಂಜೆ ಸುದ್ದಿ ಬಂತು. ನಾನು ಮಾತ್ರ ಪರದೆಯ ಹಿಂದೆ ಕುಳಿತು ಮೂಗು ಒರೆಸಿಕೊಳ್ಳುತ್ತಿದ್ದೆ. ಹತ್ತನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಲೂ ನಾನು ಅತ್ತಿರಲಿಲ್ಲ. ಆಗ ಗಣಿತದ ಮೇಲೆ ಸಿಟ್ಟು ಮಾಡಿಕೊಂಡು ಸುಮ್ಮನಾಗಿದ್ದೆ. ಈಗ ಸಿಟ್ಟು ಮಾಡಿಕೊಳ್ಳಲು ನನ್ನ ಕೈ ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಟೀಚರಕ್ಕ ಕೆಳಗೆ ಹೋಗಿ ಒಂದು ಬೀಗ ತಂದು ನನ್ನ ಮಡಿಲಿಗೆ ಹಾಕಿದರು. ಮಾವಿನಕಾಯಿ ಆಕಾರದ, ಎರಡು ಕೈಯಲ್ಲಿ ಎತ್ತಬೇಕಾದ ಭಾರಿ ಬೀಗ. "ನಿನಗೆ ಸದ್ಯಕ್ಕೆ ಜೀವ ಇರುವ ಕಣ್ಣು ಬೇಡ. ಈ ಬೀಗದ ಕಿಂಡಿಯ ಸುತ್ತ ನೆಟ್ಟು ಕಲಿ. ಇದು ಮಿಟುಕಿಸುವುದಿಲ್ಲ, ಇದಕ್ಕೆ ಆಫೀಸೂ ಇಲ್ಲ," ಎಂದು ತಮಿಳಿನಲ್ಲಿ ಹೇಳಿ, ಮತ್ತೊಬ್ಬರ ಹುಬ್ಬು ತಿದ್ದಲು ಹೋದರು.

ಹೀಗೆ ನಾನು ಬೀಗಕ್ಕೆ ರೆಪ್ಪೆ ನೆಡಲು ಕುಳಿತೆ. ಎರಡು ದಿನ ಕಳೆಯುವುದರೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಅರ ಹಿಡಿದವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು, ತಾವು ಮಾಡಿದ ಬೀಗ ಕಣ್ಣು ಬಿಟ್ಟುಕೊಂಡು ಕುಳಿತಿರುವುದನ್ನು ನೋಡಿ, ಇಳಿದು ಹೋಗುತ್ತಿದ್ದರು. ಮುದುಕರೊಬ್ಬರು ಮಾತ್ರ ನಿಂತರು. ಬೀಗವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಎಡಗಡೆಯ ಮೂರನೆಯ ತುಂಡು ಕೂದಲೆಳೆಯಷ್ಟು ಮೇಲಕ್ಕೆ ಹೋಗಿದೆ ಎಂದರು. ನನಗೆ ಸಿಟ್ಟು ಬಂತು. ಬೀಗದವರಿಗೆ ರೆಪ್ಪೆಯ ವಿಷಯ ಏನು ಗೊತ್ತು ಎಂದು ಭೂತಗನ್ನಡಿ ಇಟ್ಟು ನೋಡಿದೆ. ಹೋಗಿತ್ತು, ಕೂದಲೆಳೆಯಷ್ಟೇ.

"ನೀನು ಉಸಿರು ಕಟ್ಟಿಕೊಂಡು ಮಾಡ್ತೀಯ, ಅದಕ್ಕೇ ಕೈ ನಡುಗೋದು," ಎಂದರು ಆ ಮುದುಕರು. ಆಮೇಲೆ ನನ್ನ ಬಲಗೈಯ ಕಿರುಬೆರಳನ್ನು ಹಿಡಿದು ಬೀಗದ ಮೇಲೆ ಊರಿ ತೋರಿಸಿದರು. ಕಿರುಬೆರಳು ಕೆಲಸದ ಮೇಲೆಯೇ ನಿಂತಿರಬೇಕು, ಉಳಿದ ಕೈ ಅದರ ಆಧಾರದಲ್ಲಿ ಆಡಬೇಕು, ಉಸಿರು ತನ್ನ ಪಾಡಿಗೆ ಹೋಗಿ ಬರುತ್ತಿರಬೇಕು. ಟೀಚರಕ್ಕ ಆರು ವಾರ ಕಲಿಸಿದ್ದಕ್ಕಿಂತ ಆ ಕಿರುಬೆರಳು ನನಗೆ ಹೆಚ್ಚು ಕಲಿಸಿತು. ಇದನ್ನು ನಾನು ಟೀಚರಕ್ಕನಿಗೆ ಇವತ್ತಿನವರೆಗೂ ಹೇಳಿಲ್ಲ.

ಕಲಿಕೆ ಮುಗಿದಾಗ ಟೀಚರಕ್ಕ ಒಂದು ಮಾತು ಹೇಳಿ ಕಳಿಸಿದರು. ಅಂಟಿಸಿದ ಮೇಲೆ ಒಂದು ದಿನ ಕಣ್ಣಿಗೆ ನೀರು ತಾಗಬಾರದು. ಸರಿ, ಮುಖ ತೊಳೆಯಬಾರದು ಅಷ್ಟೇ ತಾನೆ ಎಂದುಕೊಂಡು, ಬೀಗವನ್ನೂ ಚೀಲಕ್ಕೆ ಹಾಕಿಕೊಂಡು ನಾನು ತೇನಿಯ ಬಸ್ಸು ಹತ್ತಿದೆ.

ನಮ್ಮೂರು ಚಿನ್ನಮನೂರಿನ ಹತ್ತಿರದ ಮಾರ್ಕಯನ್‌ಕೋಟ್ಟೈ. ಭತ್ತ, ಬಾಳೆ, ತೆಂಗು ಬಿಟ್ಟರೆ ಊರಿಗೆ ಬೇರೆ ಯೋಚನೆಯಿಲ್ಲ. ನಮ್ಮ ಮನೆಯಲ್ಲಿ ಆಡುವುದು ಕನ್ನಡ, ಬೀದಿಗಿಳಿದರೆ ತಮಿಳು. ಯಾವ ಕಾಲದಲ್ಲಿ ಬಂದು ನೆಲೆಸಿದೆವೋ ಅಪ್ಪನಿಗೂ ಗೊತ್ತಿಲ್ಲ. ನಾನು ಈ ಕನ್ನಡ ಅಕ್ಷರಗಳನ್ನು ಕಲಿತದ್ದೇ ತಲೆ ನರೆಯಲು ಶುರುವಾದ ಮೇಲೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ, ಮನೆಯ ಮುಂದಿನ ಕೋಣೆ.

ಆ ಕೋಣೆಗೆ ಬೀದಿಯ ಕಡೆ ಒಂದು ಬಾಗಿಲು, ಉತ್ತರದ ಬೆಳಕಿಗೆ ಒಂದು ಕಿಟಕಿ. ಪಾರ್ಲರಿಗೆಂದೇ ಕಟ್ಟಿದ ಹಾಗಿತ್ತು. ಒಳಗೆ ಮಾತ್ರ ನನ್ನ ಅಜ್ಜಿಯ ಒಣಮೆಣಸಿನಕಾಯಿ ಸೂರಿನವರೆಗೂ ತುಂಬಿತ್ತು. ಅಜ್ಜಿ ಅಪ್ಪನ ತಾಯಿ. ಕೋಣೆಯ ಕೀಲಿಕೈ ಅವಳ ಸೊಂಟದಲ್ಲಿ, ಮನೆಯ ತೀರ್ಮಾನ ಅವಳ ಬಾಯಲ್ಲಿ. ನಾನು ದಿಂಡಿಗಲ್ಲಿಗೆ ಹೊರಟಾಗಲೇ ಅವಳು ಷರತ್ತು ಹಾಕಿದ್ದಳು.

"ನೋಡು ಪುಳ್ಳೆ, ಆನಿ ತಿಂಗಳಲ್ಲಿ ನಿನ್ ದೊಡ್ಡಪ್ಪನ ಮಗಳ ಮದ್ವೆ. ಅವಳ ಕಣ್ಣು ನೀನೇ ಮಾಡು. ಸಾಯಂಕಾಲ್ದವರ್ಗೂ ನಿಂತ್ರೆ ರೂಮು ನಿಂದು. ಉದುರ್ದ್ರೆ ರೂಮು ಮೆಣ್ಸಿನ್ಕಾಯಿದು. ಆಮೇಲೆ ನನ್ ಕೂಡ ಜಗ್ಳ ಆಡ್ಬಾರ್ದು."

ಪುಳ್ಳೆ ಎಂದರೆ ಮಗು. ಅಜ್ಜಿ ಹಾಗೆ ಕರೆದರೆ ಮುದ್ದು, ಹೆಸರು ಹಿಡಿದು ಕರೆದರೆ ಗ್ರಹಚಾರ. ಷರತ್ತಿನ ಸುದ್ದಿ ಮನೆಯವರಿಗೆಲ್ಲ ಗೊತ್ತಿತ್ತು, ಮದುವೆಯಾಗಬೇಕಿದ್ದ ಅಕ್ಕನಿಗೂ.

ಬೀಗ ಮನೆಗೆ ಬಂದ ಮೊದಲ ಮಧ್ಯಾಹ್ನ ಅಪ್ಪ ಊಟಕ್ಕೆ ಕುಳಿತಿದ್ದರು. ಎದುರಿನ ಗೋಡೆಯ ಗೂಡಿನಲ್ಲಿ ಬೀಗವನ್ನು ಇಟ್ಟಿದ್ದೆ. ಎರಡು ತುತ್ತು ತಿಂದರು, ತಲೆ ಎತ್ತಿದರು. ಮತ್ತೊಂದು ತುತ್ತು ತಿಂದು ಮತ್ತೆ ತಲೆ ಎತ್ತಿದರು. "ಇದ್ಯಾಕೆ ನನ್ನೇ ನೋಡ್ತದೆ?" ಎಂದು ಅಮ್ಮನನ್ನು ಕೇಳಿದರು. ಅಮ್ಮ, "ನೋಡ್ಲಿ ಬುಡಿ, ಅದೂ ನೋಡ್ದೆ ಇದ್ರೆ ಈ ಮನೇಲಿ ನಿಮ್ಮನ್ನ ಬೇರೆ ಯಾರು ನೋಡ್ತಾರೆ," ಎಂದಳು. ಅಪ್ಪ ಎದ್ದು ಹೋಗಿ ಬೀಗದ ಮೇಲೆ ತಮ್ಮ ಟವೆಲ್ ಹೊದಿಸಿ ಬಂದು ಊಟ ಮುಗಿಸಿದರು.

ಬೀಗದಿಂದ ಮನುಷ್ಯರಿಗೆ ದಾಟಬೇಕಿತ್ತು. ನಮ್ಮೂರಿನಲ್ಲಿ ಯಾವ ಹೆಂಗಸೂ ಕಣ್ಣು ಕೊಡಲು ಒಪ್ಪಲಿಲ್ಲ. ದಿಂಡಿಗಲ್ಲಿನ ಟೈಪಿಸ್ಟಿನ ಕಥೆ ನನಗಿಂತ ಮುಂಚೆಯೇ ಬಸ್ಸು ಹಿಡಿದು ಬಂದಿತ್ತು. ಕೊನೆಗೆ ಅಜ್ಜಿಯೇ ಬಂದು ಬೆಂಚಿನ ಮೇಲೆ ಮಲಗಿದಳು. ಅವಳ ಕಣ್ಣಿಗೆ ಹಿಂದೆ ಯಾವುದೋ ಬೇನೆ ಬಂದು ರೆಪ್ಪೆಗೂದಲು ಪೂರಾ ಉದುರಿ ಹೋಗಿತ್ತು. ನನಗೆ ನೆನಪಿರುವಾಗಿನಿಂದ ಅವಳ ಕಣ್ಣು ಬೋಳು.

"ಎಮ್ಮೆ ಕಣ್ಣಂಗೆ ಬೇಕು," ಎಂದು ಆಜ್ಞೆ ಮಾಡಿ ಕಣ್ಣು ಮುಚ್ಚಿದಳು.

ಕೂದಲೇ ಇಲ್ಲದ ರೆಪ್ಪೆಗೆ ನೆಡುವುದು ಬಲು ಕಷ್ಟ, ಆಸರೆಯೇ ಸಿಗುವುದಿಲ್ಲ. ಕಿರುಬೆರಳನ್ನು ಅಜ್ಜಿಯ ಕೆನ್ನೆಯ ಮೂಳೆಯ ಮೇಲೆ ಊರಿ ಒಂದೊಂದೇ ತುಂಡು ಇಡುತ್ತ ಬಂದೆ. ಅರ್ಧ ಗಂಟೆಗೆ ಗೊರಕೆ ಶುರುವಾಯಿತು. ಗೊರಕೆಯ ಲಯ ನೋಡಿಕೊಂಡು, ಉಸಿರು ಒಳಗೆ ಹೋದಾಗ ಅಂಟು, ಹೊರಗೆ ಬಂದಾಗ ಕೂದಲು. ಬಲಗಣ್ಣು ಮುಗಿದಿತ್ತು ಅಷ್ಟೇ, ಕಾಲುವೆಗೆ ನೀರು ಬಂತು ಎಂದು ಬೀದಿಯಲ್ಲಿ ಯಾರೋ ಕೂಗಿದರು. ಅಜ್ಜಿ ಎದ್ದವಳೇ ಒಂದು ಕಣ್ಣಿನಲ್ಲೇ ಗದ್ದೆಗೆ ಹೊರಟುಬಿಟ್ಟಳು.

ನಮ್ಮ ಪಕ್ಕದ ಗದ್ದೆಯ ಮುದುಕನಿಗೂ ಅಜ್ಜಿಗೂ ಬದುವಿನ ವಿಷಯದಲ್ಲಿ ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಜಗಳ. ಅವತ್ತು ಅಜ್ಜಿ ಬದುವಿನ ಮೇಲೆ ನಿಂತು ಅವನನ್ನು ಬೈಯಲು ಶುರುಮಾಡಿದಳಂತೆ. ಅವನು ಎಂದಿನಂತೆ ತಿರುಗಿ ಬೈಯಲು ಬಾಯಿ ತೆರೆದವನು ಹಾಗೆಯೇ ನಿಂತ. ಬಲಗಡೆಯಿಂದ ನೋಡಿದರೆ ಯಾರೋ ನಾಟ್ಯದವಳು, ಎಡಗಡೆಯಿಂದ ನೋಡಿದರೆ ಅದೇ ಹಳೆಯ ಶತ್ರು. ಪಾಪದವನಿಗೆ ಯಾವ ಕಡೆಗೆ ಬೈಯಬೇಕೋ ತಿಳಿಯಲಿಲ್ಲ. ಕಾಲುವೆಯ ಮಡೆಯನ್ನು, ಎಂದರೆ ತೂಬನ್ನು, ಬಿಚ್ಚಿ ಅಜ್ಜಿಗೆ ಮೊದಲು ನೀರು ಬಿಟ್ಟ.

ಅಜ್ಜಿ ಮನೆಗೆ ಬಂದು, "ಇನ್ನೊಂದ್ ಕಣ್ಗೂ ಮಡಗು," ಎಂದಳು.

ಆಮೇಲೆ ಎರಡು ತಿಂಗಳು ಅಜ್ಜಿ ನನ್ನನ್ನು ಬಿಡಲಿಲ್ಲ, ನಾನು ಅಜ್ಜಿಯನ್ನು ಬಿಡಲಿಲ್ಲ. ವಾರಕ್ಕೆ ಎರಡು ಸಲ ತೆಗೆದು ಮತ್ತೆ ನೆಡುವುದು. ಒಮ್ಮೆ ತುಂಡುಗಳು ಮೇಲಕ್ಕೆ ಹೋಗಿ ಅಜ್ಜಿಗೆ ಯಾವಾಗಲೂ ಆಶ್ಚರ್ಯಪಡುವ ಮುಖ ಬಂತು. ಆ ವಾರವೆಲ್ಲ ನೆರೆಯವರು ಅವಳಿಗೆ ಸುದ್ದಿ ಹೇಳಲು ಬಹಳ ಆಸೆಪಟ್ಟರು, ಯಾಕೆಂದರೆ ಏನು ಹೇಳಿದರೂ ಅಷ್ಟು ಬೆರಗಾಗಿ ಕೇಳುತ್ತಿದ್ದಳು. ಮತ್ತೊಮ್ಮೆ ಕೆಳಕ್ಕೆ ಇಳಿದು, ಕುಳಿತಲ್ಲೇ ನಿದ್ದೆ ಮಾಡುವವಳ ಹಾಗೆ ಕಂಡಳು. ನಿಧಾನವಾಗಿ ಸಾಲು ನೇರವಾಯಿತು. ಒಂದು ದಿನ ಎರಡೂ ಕಣ್ಣು ಮುಗಿಸಿ ಚಿಮಟ ಕೆಳಗಿಟ್ಟಾಗ ನನಗೇ ಹೊಳೆಯಿತು, ಇವತ್ತು ಕೈ ನಡುಗಲೇ ಇಲ್ಲ. ನಡುಗುತ್ತದೆಯೋ ಎಂದು ನೋಡುವುದನ್ನೂ ಮರೆತಿದ್ದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಗೂಡಿನಲ್ಲಿದ್ದ ಬೀಗಕ್ಕೆ ಒಂದು ಮುತ್ತು ಕೊಟ್ಟೆ. ಅಪ್ಪ ಅದನ್ನೂ ನೋಡಿದರು.

ಮದುವೆಗೆ ಮುಂಚೆ ಪರೀಕ್ಷೆಗಳನ್ನೆಲ್ಲ ಮಾಡಿ ನೋಡಿದೆ. ಆನಿ ಎಂದರೆ ಜೂನ್ ನಡುವಿನಿಂದ ಶುರುವಾಗುವ ತಮಿಳು ತಿಂಗಳು; ಆಗ ನಮ್ಮ ಕಣಿವೆಯಲ್ಲಿ ಬೀಸುವ ಗಾಳಿ ಅಂಥಿಂಥದ್ದಲ್ಲ, ಒಣಗಲು ಹಾಕಿದ ಸೀರೆ ಪಕ್ಕದೂರಿನಲ್ಲಿ ಸಿಗುತ್ತದೆ. ಅಜ್ಜಿಯನ್ನು ಮಾಳಿಗೆಯ ಮೇಲೆ ಗಾಳಿಗೆ ಎದುರಾಗಿ ಕಾಲು ಗಂಟೆ ನಿಲ್ಲಿಸಿದೆ. ರೆಪ್ಪೆ ನಿಂತಿತು. ಹೋಮದ ಹೊಗೆಗೆ ಬದಲಾಗಿ ಸೌದೆ ಒಲೆಯ ಮುಂದೆ ಕೂರಿಸಿದೆ. ನಿಂತಿತು. ಬೆವರಿಗೆಂದು ನಡು ಮಧ್ಯಾಹ್ನ ಗದ್ದೆಯ ತನಕ ನಡೆಸಿದೆ. ನಿಂತಿತು, ಅಜ್ಜಿ ಮಾತ್ರ ಬೈದಳು. ಒಂದನ್ನು ಮಾತ್ರ ಮಾಡಲಿಲ್ಲ. ಅಜ್ಜಿ ಅಳುವವಳಲ್ಲ. ತಾತ ಹೋದಾಗಲೂ ಅಡುಗೆಯವರಿಗೆ ಉಪ್ಪು ಅಳೆದು ಕೊಡುತ್ತಿದ್ದವಳು. ಕಣ್ಣೀರಿನ ಯೋಚನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮದುವೆ ತೇವಾರಂನಲ್ಲಿ, ಗಂಡಿನ ಊರಿನ ಮಂಟಪದಲ್ಲಿ. ಹಿಂದಿನ ದಿನ ಮಧ್ಯಾಹ್ನ ನಾನು ಕೊನೆಯ ಸಲ ಅಜ್ಜಿಯ ಮೇಲೆ ಅಭ್ಯಾಸ ಮಾಡಿದೆ. ಅಷ್ಟು ಚೆನ್ನಾಗಿ ಅದುವರೆಗೆ ಬಂದಿರಲಿಲ್ಲ. ತೆಗೆಯಲು ಹೋದರೆ ಅಜ್ಜಿ ನನ್ನ ಕೈಗೆ ಒಂದೇಟು ಕೊಟ್ಟಳು. "ಬುಡು, ಇಂಗೇ ಮದ್ವೆಗೆ ಬರ್ತೀನಿ," ಎಂದವಳು, ಮುಖ ಹಾಳಾಗದಿರಲೆಂದು ನೇರವಾಗಿ, ಎದೆಯ ಮೇಲೆ ಕೈ ಜೋಡಿಸಿ ಮಲಗಿದಳು. ಸಂಜೆ ಮದುವೆಗೆ ಹೊರಟಿದ್ದ ನಮ್ಮನ್ನು ಬೀಳ್ಕೊಡಲು ಬಂದ ನೆಂಟರೊಬ್ಬರು ಅವಳನ್ನು ಆ ಭಂಗಿಯಲ್ಲಿ ನೋಡಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬಾಯಿಗೆ ಸೆರಗು ಇಟ್ಟುಕೊಂಡರು. ಅಜ್ಜಿ ಒಂದು ಕಣ್ಣು ತೆರೆದು, "ಕಾಪಿ ಕುಡೀತೀಯಾ?" ಎಂದಳು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಮಂಟಪದ ಹೆಣ್ಣಿನ ಕೋಣೆಯಲ್ಲಿ ಅಕ್ಕ ನನ್ನ ಮುಂದೆ ಕುಳಿತಳು. ಈ ಅಕ್ಕನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳಷ್ಟು ಹೇಳಿದ ಮಾತು ಕೇಳುವವಳನ್ನು ನಾನು ಕಂಡಿಲ್ಲ. ಐದು ವರ್ಷದವಳಿದ್ದಾಗ ದೊಡ್ಡಪ್ಪ, ನಾನು ಬರುವವರೆಗೂ ಈ ಆಡಿನ ಹಗ್ಗ ಬಿಡಬೇಡ ಎಂದು ಹೇಳಿ ಸಂತೆಯಲ್ಲಿ ಮಾತಿಗೆ ನಿಂತು ಮರೆತುಬಿಟ್ಟಿದ್ದರಂತೆ. ಸಾಯಂಕಾಲ ಬಂದು ನೋಡಿದರೆ ಅಕ್ಕ ಹಗ್ಗ ಹಿಡಿದೇ ನಿಂತಿದ್ದಳು. ಆಡು ಬೇಸತ್ತು ಮಲಗಿತ್ತು.

ನಾನು ಒಂದು ಕಣ್ಣಿಗೆ ಇಪ್ಪತ್ತು ತುಂಡಿನಂತೆ ನಲವತ್ತು ತುಂಡು ನೆಟ್ಟೆ. ಕಿರುಬೆರಳು ಅವಳ ಕೆನ್ನೆಯ ಮೇಲೆ ಕಲ್ಲಿನಂತೆ ನಿಂತಿತ್ತು. ಮುಗಿದ ಮೇಲೆ ಅಕ್ಕ ಕಣ್ಣು ತೆರೆದಳು. ಗಂಡಿನ ಕಡೆಯ ಹೆಂಗಸರು ಬಾಗಿಲಿಗೆ ಬಂದು, ಇದು ನಿಜವಾದ ಕೂದಲೇ ಎಂದು ಕೇಳಿ ಹೋದರು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು, ಮದ್ರಾಸಿನಲ್ಲಿ ಹುಟ್ಟಿ ಬೆಳೆದವಳ ಹಾಗೆ ನಿಂತಿದ್ದೆ. ಅದೇ ಜಂಬದಲ್ಲಿ, "ಅಕ್ಕಾ, ನಾಳೆವರ್ಗೂ ಕಣ್ಗೆ ನೀರು ತಾಗ್ಬಾರ್ದು, ನೆನಪಿರ್ಲಿ," ಎಂದು ಅಪ್ಪಣೆ ಮಾಡಿದೆ. ಅಕ್ಕ ತಲೆಯಾಡಿಸಿದಳು.

ತಾಳಿ ಕಟ್ಟುವಾಗ ಹೊಗೆ ಎದ್ದಿತು, ರೆಪ್ಪೆ ಅಲುಗಲಿಲ್ಲ. ಬೆಟ್ಟದ ಕಡೆಯಿಂದ ಗಾಳಿ ನುಗ್ಗಿ ಪುರೋಹಿತರ ಶಲ್ಯವನ್ನು ಹಾರಿಸಿತು, ರೆಪ್ಪೆ ಅಲುಗಲಿಲ್ಲ. ವಿಡಿಯೋದವನ ದೀಪದ ಬಿಸಿಗೆ ಎಲ್ಲರ ಮುಖದಲ್ಲೂ ನೀರಿಳಿಯುತ್ತಿತ್ತು, ರೆಪ್ಪೆ ಮಾತ್ರ ಅಲುಗಲಿಲ್ಲ. ನಾನು ಮನಸ್ಸಿನಲ್ಲೇ ಮೆಣಸಿನಕಾಯಿ ಮೂಟೆಗಳನ್ನು ಹೊರಗೆ ಹಾಕಿ, ಗೋಡೆಗೆ ಕನ್ನಡಿ ಹೊಡೆದು, ಗುಲಾಬಿ ಪರದೆ ಕಟ್ಟಿ ಮುಗಿಸಿದ್ದೆ.

ಊಟವಾದ ಮೇಲೆ ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತು ಬಂತು. ನಮ್ಮವರಲ್ಲಿ ಅದಕ್ಕೊಂದು ಕ್ರಮವಿದೆ. ಹೆಣ್ಣಿನ ಕಡೆಯ ಹೆಂಗಸರು ಸಾಲಾಗಿ ಬರುತ್ತಾರೆ. ಒಬ್ಬೊಬ್ಬರೂ ಹೆಣ್ಣಿನ ಕೊರಳು ತಬ್ಬಿ, ಕೆನ್ನೆಗೆ ಕೆನ್ನೆ ಹಚ್ಚಿ ಅಳುತ್ತಾರೆ. ಹೆಣ್ಣೂ ಅಳಬೇಕು. ಎಲ್ಲರಿಗಿಂತ ಕೊನೆಗೆ ಗಂಡಿನ ತಾಯಿ ಬಂದು ತಬ್ಬಿ, ಕಣ್ಣೀರು ಒರೆಸಿ, ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಅಳದ ಹೆಣ್ಣಿನ ಮೇಲಿನ ಮಾತು ಊರಿನಲ್ಲಿ ಅವಳ ಮಕ್ಕಳ ಮದುವೆಯವರೆಗೂ ನಿಲ್ಲುವುದಿಲ್ಲ. ಗಂಡಿನ ಕಡೆಯವರು ಗೋಡೆಗೊರಗಿ ನಿಂತು, ಯಾರು ಎಷ್ಟು ಅತ್ತರು ಎಂದು ಸೂಕ್ಷ್ಮವಾಗಿ ನೋಡುತ್ತಾರೆ. ಇದೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದ್ದೇ. ಪ್ರತಿ ಮದುವೆಯಲ್ಲೂ ನಾನೇ ಆ ಸಾಲಿನಲ್ಲಿ ನಿಂತು ಅತ್ತವಳು. ನಾಟ್ಯದ ಹುಡುಗಿಯರ ಕಣ್ಣಿನ ವಿದ್ಯೆ ಕಲಿತು ಬಂದು, ನಮ್ಮ ಮನೆಯ ಹೆಣ್ಣು ಮಧ್ಯಾಹ್ನ ಎರಡು ಗಂಟೆಗೆ ಅಳುತ್ತಾಳೆ ಎಂಬುದನ್ನೇ ಮರೆತಿದ್ದೆ.

ಮೊದಲ ಸೋದರತ್ತೆ ಬಂದು ತಬ್ಬಿ ಅತ್ತರು. ಅಕ್ಕ ಅಳಲಿಲ್ಲ. ಕಣ್ಣನ್ನು ಅಗಲವಾಗಿ ಬಿಟ್ಟು ಸೀಲಿಂಗ್ ಫ್ಯಾನನ್ನು ನೋಡುತ್ತ ನಿಂತಳು. ಎರಡನೆಯವರು ತಬ್ಬಿ, ಅತ್ತು, ಅಳಲಿ ಎಂದು ಅವಳ ತೋಳು ಚಿವುಟಿದರು. ಅಕ್ಕ ಫ್ಯಾನನ್ನು ಇನ್ನೂ ಶ್ರದ್ಧೆಯಿಂದ ನೋಡಿದಳು. ವಿಡಿಯೋದವನು ದೀಪ ಹತ್ತಿರ ತಂದು, ಹೆಣ್ಣು ಇನ್ನೂ ಅತ್ತಿಲ್ಲ, ಮೊದಲಿಂದ ಬನ್ನಿ ಎಂದು ಅತ್ತೆಯರನ್ನು ವಾಪಸ್ಸು ಕಳಿಸಿದ. ಅವರು ಮತ್ತೊಮ್ಮೆ ಸಾಲಿನಲ್ಲಿ ನಿಂತು ಮತ್ತೊಮ್ಮೆ ಅತ್ತರು. ಎರಡನೆಯ ಸಲ ಮೊದಲಿಗಿಂತ ಚೆನ್ನಾಗಿಯೇ ಅತ್ತರು. ಅಕ್ಕನದು ಒಣಗಣ್ಣು.

ಗೋಡೆಯ ಕಡೆಯಿಂದ ಗುಸುಗುಸು ಶುರುವಾಯಿತು. "ಉಡ್ಗಿ ಅಪ್ಪನ ಮನೆ ಬುಟ್ಟು ಬರೋಕೆ ಕಾಯ್ತಾ ಇದ್ದಂಗೆ ಅದೆ," ಎಂದಿತು ಒಂದು ದನಿ. "ಕಲ್ಮನ್ಸು," ಎಂದಿತು ಇನ್ನೊಂದು. ದೊಡ್ಡಮ್ಮನಿಗೆ, ಎಂದರೆ ಅಕ್ಕನ ತಾಯಿಗೆ, ಅದು ಕೇಳಿಸಿತು. ತಾನು ಸಾಕಿದ ಮಗಳು ತನಗಾಗಿ ಒಂದು ಹನಿ ಹಾಕಲಿಲ್ಲ ಎಂದು ಅವಳ ಮುಖ ಸಣ್ಣಗಾಯಿತು. ಯಾಕೆ ಅಳುತ್ತಿಲ್ಲ ಎಂಬುದು ನನಗೂ ಇನ್ನೂ ಹೊಳೆದಿರಲಿಲ್ಲ.

ಸಾಲಿನಲ್ಲಿ ನನ್ನ ಸರದಿ ಬಂತು. ಹತ್ತಿರ ಹೋಗಿ ತಬ್ಬಿದಾಗ ಕಂಡಿತು. ಅಕ್ಕನ ಕಣ್ಣು ಅಂಚಿನವರೆಗೂ ತುಂಬಿತ್ತು. ಗದ್ದ ನಡುಗುತ್ತಿತ್ತು. ಒಂದು ಹನಿಯೂ ದಾಟದಂತೆ ಇಡೀ ಮೈ ಬಿಗಿಹಿಡಿದು ನಿಂತಿದ್ದಳು, ಹಗ್ಗ ಹಿಡಿದ ಹಾಗೆ.

"ಅಕ್ಕಾ, ಯಾಕೆ ಅಳ್ತಾ ಇಲ್ಲ ನೀನು?"

"ನೀನು ತಾನೆ ಏಳ್ದೆ, ನೀರು ತಾಗ್ಬಾರ್ದು ಅಂತ," ಎಂದಳು ತುಟಿ ಅಲುಗಿಸದೆ. "ಅತ್ರೆ ಉದುರ್ತದೆ. ನಿನ್ ರೂಮು ಓಗ್ತದಲ್ಲ ಪುಳ್ಳೆ."

ಇಡೀ ಮಂಟಪ ಅವಳನ್ನು ಕಲ್ಲು ಎನ್ನುತ್ತಿದೆ, ಸ್ವಂತ ತಾಯಿ ನೊಂದುಕೊಂಡಿದ್ದಾಳೆ, ಇವಳು ನನ್ನ ಮೆಣಸಿನಕಾಯಿ ಕೋಣೆಯನ್ನು ಕಣ್ಣಿನಲ್ಲಿ ಹೊತ್ತುಕೊಂಡು ನಿಂತಿದ್ದಾಳೆ. ನನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಅವಳಿಗೇ ಬೈದೆ.

"ಏ ಲೂಸು, ಅಳು. ರೂಮು ಮೆಣ್ಸಿನ್ಕಾಯಿಗೇ ಓಗ್ಲಿ. ನೀನು ಅಳು ಅಕ್ಕಾ. ನಾನೇ ಏಳ್ತಾ ಇದೀನಲ್ಲ."

ಹೇಳಿದ ಮಾತು ಕೇಳುವವಳು, ಅತ್ತಳು. ಅಣೆಕಟ್ಟಿನ ಬಾಗಿಲು ತೆಗೆದಂತೆ ಅತ್ತಳು. ನನ್ನ ಹೆಗಲು ನೆನೆಯಿತು. ದೊಡ್ಡಮ್ಮ ಓಡಿ ಬಂದು ತಬ್ಬಿದಳು, ಅತ್ತೆಯರು ಮೂರನೆಯ ಸಲ ಬಂದರು, ಚಿಕ್ಕಮ್ಮಂದಿರು ಬಂದರು. ವಿಡಿಯೋದವನು ಕುರ್ಚಿಯ ಮೇಲೆ ಹತ್ತಿದ. ಕೆನ್ನೆಗೆ ಕೆನ್ನೆ ಹಚ್ಚಿದಂತೆಲ್ಲ ನನ್ನ ನಾಟಿ ಕಿತ್ತು ಬಂತು. ಬಂದದ್ದು ನೆಲಕ್ಕೆ ಬಿದ್ದಿದ್ದರೆ ಒಳ್ಳೆಯದಿತ್ತು. ಅಂಟಿಗೆ ಜೀವ ಇನ್ನೂ ಉಳಿದಿತ್ತು, ಯಾರ ಕೆನ್ನೆ ಸಿಕ್ಕಿತೋ ಅವರನ್ನು ಹಿಡಿದುಕೊಂಡಿತು. ದೊಡ್ಡ ಅತ್ತೆಯ ಗದ್ದದಲ್ಲಿ ಮೂರು ಕೂದಲು. ಚಿಕ್ಕಮ್ಮನ ಮೂಗಿನ ತುದಿಯಲ್ಲಿ ಮೂರು. ದೊಡ್ಡಮ್ಮನ ಎರಡು ಹುಬ್ಬಿನ ನಡುವೆ ಮೂರನೆಯ ಹುಬ್ಬು. ಕೊನೆಗೆ ಗಂಡಿನ ತಾಯಿ ಗಂಭೀರವಾಗಿ ಬಂದು ತಬ್ಬಿ, ಕಣ್ಣೀರು ಒರೆಸಿ, ಎಲ್ಲರ ಕಡೆ ತಿರುಗಿದಾಗ ಅವರ ಮೇಲ್ದುಟಿಯ ಎರಡೂ ಕಡೆ ಅಂದವಾದ ಸಣ್ಣ ಮೀಸೆ ಇತ್ತು.

ಮದುಮಗನೇ ಮೊದಲು ನಕ್ಕ. ತನ್ನ ತಾಯಿಯನ್ನು ನೋಡಿ, "ಅಪ್ಪನಂಗೇ ಇದ್ದೀ ಅಮ್ಮಾ," ಎಂದ. ಅಕ್ಕ ಅಳುತ್ತಲೇ ನಕ್ಕಳು, ನಗುತ್ತಲೇ ಅತ್ತಳು. ಗೋಡೆಗೊರಗಿದವರೂ ನಕ್ಕರು. ನಾನೊಬ್ಬಳೇ ಕಂಬದ ಹಿಂದೆ ನಿಂತು ನಿಜವಾಗಿ ಅಳುತ್ತಿದ್ದೆ. ಹಾಕಿದ ಕನ್ನಡಿ, ಕಟ್ಟಿದ ಪರದೆ ಎಲ್ಲ ಹೋಯಿತು.

ಆಗ, ಕ್ರಮ ಮುಗಿದ ಮೇಲೆ, ಎಲ್ಲರ ಹಿಂದಿನಿಂದ ಅಜ್ಜಿ ಕೋಲೂರಿಕೊಂಡು ಬಂದಳು. ಮೊಮ್ಮಗಳ ಕೊರಳು ತಬ್ಬಿದಳು. ಉಪ್ಪು ಅಳೆದು ಕೊಟ್ಟಿದ್ದ ಆ ಅಜ್ಜಿ ಅತ್ತಳು. ಸದ್ದಿಲ್ಲದೆ, ತುಂಬ ಹೊತ್ತು ಅತ್ತಳು. ನಾನು ಅದನ್ನು ಮೊದಲ ಸಲ ನೋಡುತ್ತಿದ್ದೆ. ಅವಳು ತಲೆ ಎತ್ತಿದಾಗ ಕೆನ್ನೆಯೆಲ್ಲ ಒದ್ದೆ. ರೆಪ್ಪೆಯ ಮೇಲೆ ಹನಿ ನಿಂತಿತ್ತು. ಒಂದೇ ಒಂದು ಕೂದಲೂ ಕದಲಿರಲಿಲ್ಲ.

ಮೀಸೆ ತೆಗೆದುಕೊಳ್ಳುತ್ತಿದ್ದ ಗಂಡಿನ ತಾಯಿ ಮೊದಲು ಗಮನಿಸಿದರು. "ಅಲ್ಲ ದೊಡ್ಡವ್ರೇ, ನಿಮ್ದು ಯಾಕೆ ಉದುರ್ಲಿಲ್ಲ?"

"ನಂದು ನೆನ್ನೆ ನಟ್ಟಿದ್ದು," ಎಂದಳು ಅಜ್ಜಿ. "ಬೇರು ಇಡಿಬೇಕಲ್ಲ. ಇವತ್ತು ನಟ್ಟು ಇವತ್ತೇ ನೀರು ನುಗ್ಸುದ್ರೆ ಭತ್ತಾನೂ ನಿಲ್ಲಾಕಿಲ್ಲ."

ಟೀಚರಕ್ಕ ಹೇಳಿದ ಒಂದು ದಿನದ ಅರ್ಥ ಅದು. ಅಂಟು ಒಣಗಿ ಗಟ್ಟಿಯಾಗಲು ಒಂದು ದಿನ ಬೇಕು, ಆಮೇಲೆ ಅತ್ತರೂ ತೊಂದರೆಯಿಲ್ಲ. ನಾಟಿ ಮಾಡುವವರ ಮನೆಯಲ್ಲಿ ಹುಟ್ಟಿ, ನಾಟಿಯ ಹೋಲಿಕೆ ಹೇಳಿಕೊಂಡು ತಿರುಗಿದ ನನಗೆ ಇದು ಹೊಳೆಯಲಿಲ್ಲ. ಬೋಳುಗಣ್ಣಿನ ಮುದುಕಿಗೆ ಹೊಳೆಯಿತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಅಜ್ಜಿಯ ಪಕ್ಕ ಕುಳಿತಿದ್ದೆ. ಅವಳು ಕಿಟಕಿಯ ಗಾಳಿಗೆ ಮುಖ ಕೊಟ್ಟು, ಬೇಕೆಂದೇ ಕಣ್ಣು ಮಿಟುಕಿಸುತ್ತಿದ್ದಳು. ಚಿನ್ನಮನೂರು ದಾಟಿದ ಮೇಲೆ ಸೊಂಟದಿಂದ ಕೀಲಿಕೈ ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು.

"ಉದುರೋಯ್ತಲ್ಲ ಅಜ್ಜೀ."

"ನಾಟಿ ಶರಿಯಾಗೇ ಅದೆ. ದಿನ ತಪ್ಪು," ಎಂದಳು. ಆಮೇಲೆ ರೆಪ್ಪೆಯನ್ನು ಬೆರಳಲ್ಲಿ ಮುಟ್ಟಿಕೊಂಡು, "ಮುಂಚೆ ಎಲ್ಲ ಕಣ್ಣೀರು ಬಂದಂಗೇ ಕೆಳಕ್ ಓಗ್ಬುಡ್ತಿತ್ತು. ಇವತ್ತು ಕಣ್ಮುಂದೆ ಒಂದ್ ಗಳ್ಗೆ ನಿಂತು ಓಯ್ತು. ಅದಕ್ಕೇ ಇನ್ನಷ್ಟ್ ಅಳ್ಬೇಕು ಅನ್ನಿಸ್ತು," ಎಂದಳು.

ಮೆಣಸಿನಕಾಯಿ ಹಿತ್ತಿಲಿಗೆ ಹೋಯಿತು. ಅದರ ಘಾಟು ಮಾತ್ರ ಒಂದು ವರ್ಷ ಕೋಣೆ ಬಿಡಲಿಲ್ಲ. ನನ್ನ ಮೊದಲ ಗಿರಾಕಿಗಳು ಮದುಮಕ್ಕಳಲ್ಲ, ಅಜ್ಜಿಯನ್ನು ಮಂಟಪದಲ್ಲಿ ನೋಡಿದ್ದ ಮುದುಕಿಯರು. ಒಬ್ಬೊಬ್ಬರೂ ಬೆಂಚಿನ ಮೇಲೆ ಮಲಗಿ, ಎರಡು ಸಲ ಸೀನಿ, ಎಮ್ಮೆ ಕಣ್ಣು ಬೇಕು ಎನ್ನುತ್ತಿದ್ದರು. ಬಾಗಿಲಿಗೆ ಟೀಚರಕ್ಕ ಕೊಟ್ಟ ಆ ಮಾವಿನಕಾಯಿ ಬೀಗವನ್ನೇ ಹಾಕಿದೆ. ರೆಪ್ಪೆ ತೆಗೆಯಲಿಲ್ಲ. ಕಳ್ಳರು ಯಾರೂ ಬರಲಿಲ್ಲ. ಅಪ್ಪ ಬೀದಿಯ ಆ ಬದಿಯಿಂದಲೇ ಓಡಾಡುತ್ತಿದ್ದರು.

ಮದುವೆಯ ಕ್ಯಾಸೆಟ್ ಬಂದ ಮೇಲೆ ಅಕ್ಕ ಮೊದಲ ಸಲ ತವರಿಗೆ ಬಂದಳು. ಅವಳ ಅತ್ತೆಯ ಮೀಸೆಯ ಭಾಗವನ್ನು ಹಿಂದಕ್ಕೆ ತಿರುಗಿಸಿ ಏಳು ಸಲ ನೋಡಿದೆವು. ಹೊರಡುವ ಹಿಂದಿನ ದಿನ ಅವಳು ತಾನಾಗಿಯೇ ನನ್ನ ಬೆಂಚಿನ ಮೇಲೆ ಬಂದು ಮಲಗಿದಳು. ನಾನು ಕಿರುಬೆರಳು ಊರಿ ನಲವತ್ತು ತುಂಡನ್ನೂ ಮತ್ತೆ ನೆಟ್ಟೆ.

"ಈಗ ಅಳ್ಬೋದಾ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇವತ್ತು ಬೇಡ ಅಕ್ಕಾ. ನಾಳೆ ಅಳು."

"ನಾಳೆಗೇ ಬೇಕಾಗಿರೋದು," ಎಂದಳು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಅವಳು ದೊಡ್ಡಮ್ಮನನ್ನು ತಬ್ಬಿಕೊಂಡು ಹೊಟ್ಟೆತುಂಬ ಅತ್ತಳು. ನಾನು ಪಕ್ಕದಲ್ಲೇ ನಿಂತು ನೋಡಿದೆ, ಒಂದು ಕೂದಲೂ ಉದುರಲಿಲ್ಲ.